ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್: ಯಾವ ರೆಜಿಮೆಂಟ್ ನಿಜವಾದ ಗಾರ್ಡ್, ಯಾವುದು ಹೆಸರಿಗೆ ಮಾತ್ರ?

ಹಳೇ_ನಕ್ಷೆ:
ನೆಪೋಲಿಯನ್ನನ ಕೊನೆಯ ಯುದ್ಧ ವಾಟರ್ಲೂ ಬಗ್ಗೆ ಓದ್ತಾ ಇದ್ದೇನೆ, ತಲೆ ಕೆಟ್ಟು ಹೋಗಿದೆ. ಒಂದು ಕಡೆ "ಓಲ್ಡ್ ಗಾರ್ಡ್ ಬ್ರಿಟಿಷರ ಗುಂಡಿಗೆ ಹಿಂದೆ ಸರಿಯಿತು" ಅಂತ ಇರುತ್ತದೆ. ಇನ್ನೊಂದು ಕಡೆ "ಕೊನೆಯ ತನಕ ಅಲುಗಾಡದೆ ನಿಂತಿದ್ದು ಓಲ್ಡ್ ಗಾರ್ಡ್ ಮಾತ್ರ" ಅಂತ ಇರುತ್ತದೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ? ಇದರ ಜೊತೆ ಮಿಡಲ್ ಗಾರ್ಡ್, ಯಂಗ್ ಗಾರ್ಡ್ ಬೇರೆ. ಇದು ಚಕ್ರವರ್ತಿಯ ಅಂಗರಕ್ಷಕ ಪಡೆನಾ, ಅಥವಾ ಒಂದು ಪೂರ್ತಿ ಸೈನ್ಯವೇನಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕೋಟೆ_ಬಾಗಿಲು:
ಅಂಗರಕ್ಷಕ ಪಡೆಯಾಗಿ ಶುರುವಾಗಿ ಸೈನ್ಯದೊಳಗಿನ ಸೈನ್ಯವಾಗಿ ಮುಗಿದದ್ದು ಅದು. ನಿಮ್ಮ ಗೊಂದಲಕ್ಕೆಲ್ಲ ಇದೇ ಮೂಲ.

ಮೊದಲಿಂದ ಹೇಳ್ತೀನಿ. 1796ರ ಮೇ ತಿಂಗಳಲ್ಲಿ ಇಟಲಿಯ ಬೊರ್ಗೆಟ್ಟೋ ಹತ್ತಿರ ಆಸ್ಟ್ರಿಯಾದ ಕುದುರೆ ಸವಾರರು ಇದ್ದಕ್ಕಿದ್ದಂತೆ ನುಗ್ಗಿ ನೆಪೋಲಿಯನ್ನನನ್ನು ಹಿಡಿದೇ ಬಿಡ್ತಿದ್ದರು. ಒಂದೇ ಕಾಲಿಗೆ ಬೂಟು ಹಾಕಿಕೊಂಡು ತೋಟದ ಗೋಡೆ ಹಾರಿ ಓಡಿದ ಅನ್ನೋ ಕಥೆ ಇದೆ. ಅದಾದ ಮೇಲೆ ತನ್ನ ಸುತ್ತ ಇರೋಕೆ ಅಂತಲೇ 'ಗೈಡ್ಸ್' ಅನ್ನೋ ಸಣ್ಣ ಕುದುರೆ ದಳ ಕಟ್ಟಿದ. ಅದರ ನಾಯಕ ಬೆಸಿಯೆರ್. ಇದೇ ಮುಂದೆ ಗಾರ್ಡ್‌ನ ಶಾಸರ್ (ಹಗುರ ಪಡೆ) ಸವಾರರ ರೆಜಿಮೆಂಟ್ ಆಯಿತು.

1799ರ ನವೆಂಬರಿನಲ್ಲಿ ಅಧಿಕಾರ ಕೈಗೆ ಬಂತಲ್ವಾ, ಆಗ ಹಿಂದಿನ ಸರ್ಕಾರದ ಕಾವಲು ಪಡೆಗಳನ್ನೆಲ್ಲ ಒಟ್ಟು ಸೇರಿಸಿ ಕಾನ್ಸುಲರ್ ಗಾರ್ಡ್ ಮಾಡಿದ. ಹತ್ತಿರ ಹತ್ತಿರ 2,000 ಜನ, ಅಷ್ಟೇ. 1804ರ ಮೇ 18ರಂದು ಅವನು ಚಕ್ರವರ್ತಿ ಆದಾಗ ಅದೇ ಇಂಪೀರಿಯಲ್ ಗಾರ್ಡ್ ಆಯಿತು. ಆ ಹೊತ್ತಿಗೆ ಸುಮಾರು 10,000. 1814ಕ್ಕೆ ಬನ್ನಿ, ಕಾಗದದ ಮೇಲೆ ಒಂದು ಲಕ್ಷ ದಾಟಿತ್ತು! ಹತ್ತು ವರ್ಷದಲ್ಲಿ ಹತ್ತರಷ್ಟು. ಅಷ್ಟು ಜನ 'ಆಯ್ದ ವೀರರು' ಯಾವ ದೇಶದಲ್ಲೂ ಸಿಗಲ್ಲ.

ತುಂಗಾ_ತೀರ:
1804ರಲ್ಲಿ ಅದರೊಳಗೆ ಏನೇನಿತ್ತು ಅಂತಲೂ ಹೇಳಿಬಿಡಿ. ನಾನು ತಿಳಿದಿದ್ದು ಬರೀ ದೊಡ್ಡ ಕರಡಿ ಟೋಪಿಯವರು ಮಾತ್ರ ಅಂತ.

ಕೋಟೆ_ಬಾಗಿಲು:
ಕಾಲಾಳುಗಳಲ್ಲಿ ಎರಡು ಬಗೆ, ಗ್ರೆನೇಡಿಯರ್ (ಎತ್ತರದ ಆಯ್ದ ಸಿಪಾಯಿಗಳು) ಮತ್ತು ಶಾಸರ್. ಕುದುರೆ ಪಡೆಯಲ್ಲೂ ಅದೇ ಜೋಡಿ, ಗ್ರೆನೇಡಿಯರ್ ಸವಾರರು, ಶಾಸರ್ ಸವಾರರು. ಶಾಸರ್ ಸವಾರರ ಜೊತೆಗೆ ಈಜಿಪ್ಟ್ ಕಡೆಯ ಸವಾರರ ಒಂದು ಸಣ್ಣ ಮಾಮ್ಲುಕ್ ದಳ. ಫಿರಂಗಿ ಪಡೆ ಸರಿಯೇ ಸರಿ. ಇಂಗ್ಲೆಂಡ್ ಮೇಲೆ ದಾಳಿ ಮಾಡೋ ಯೋಚನೆಯಲ್ಲಿ ಕಟ್ಟಿದ ನಾವಿಕರ ಬೆಟಾಲಿಯನ್ ಒಂದು. ಅರಮನೆ, ಶಿಬಿರ, ಖಜಾನೆ ಕಾಯೋಕೆ 'ಎಲೀಟ್ ಜಾಂಡಾರ್ಮ್' ಅನ್ನೋ ಪೊಲೀಸ್ ದಳ. ಇವರನ್ನು ಕಂಡರೆ ಜನಕ್ಕೆ ಆಗುತ್ತಿರಲಿಲ್ಲ. 1804ರ ಮಾರ್ಚ್‌ನಲ್ಲಿ ವ್ಯಾನ್ಸೆನ್ ಕೋಟೆಯಲ್ಲಿ ಹಳೇ ರಾಜಮನೆತನದ ಆಂಘಿಯನ್ ಡ್ಯೂಕನನ್ನು ಗುಂಡಿಟ್ಟು ಕೊಂದದ್ದು ಇವರೇ.

ಮೇಲೆ ನಾಲ್ಕು ಮಂದಿ ಮಾರ್ಷಲ್‌ಗಳು. ಗ್ರೆನೇಡಿಯರ್‌ಗಳಿಗೆ ದಾವೂ, ಶಾಸರ್‌ಗಳಿಗೆ ಸೂಲ್, ಕುದುರೆ ಪಡೆಗೆ ಬೆಸಿಯೆರ್, ಫಿರಂಗಿ ಮತ್ತು ನಾವಿಕರಿಗೆ ಮೋರ್ತಿಯೆ. ಇಡೀ ಗಾರ್ಡ್‌ಗೆ ಒಬ್ಬನೇ ಸೇನಾಪತಿ ಅಂತ ಇರಲಿಲ್ಲ, ಗಮನಿಸಿ. ನಾಲ್ಕು ಜನರಿಗೆ ಹಂಚಿದ. ಇಂಥ ಪಡೆ ಒಬ್ಬನ ಕೈಗೆ ಹೋದರೆ ಏನಾಗುತ್ತೆ ಅಂತ, ತಾನೇ ಸೈನ್ಯ ಬಳಸಿ ಅಧಿಕಾರ ಹಿಡಿದವನಿಗೆ ಹೇಳಿಕೊಡಬೇಕಾ?

ಪುಟಾಣಿ_ಫಿರಂಗಿ:
ಸೇರೋದು ಹೇಗೆ ಅನ್ನೋದೇ ನನಗೆ ಇಷ್ಟದ ಭಾಗ. ಹಳಬರ ರೆಜಿಮೆಂಟ್‌ಗೆ ಸುಮ್ನೆ ಹೋಗಿ ಸೇರೋಕೆ ಆಗ್ತಿರಲಿಲ್ಲ. ಹಲವು ವರ್ಷ ಸೇವೆ ಆಗಿರಬೇಕು, ಯುದ್ಧ ನೋಡಿರಬೇಕು, ನಡತೆ ಚೆನ್ನಾಗಿರಬೇಕು, ಗ್ರೆನೇಡಿಯರ್ ಆದರೆ ಸುಮಾರು 1.78 ಮೀಟರ್ ಎತ್ತರ ಬೇಕು. ಆ ಕಾಲದ ಫ್ರಾನ್ಸಿನಲ್ಲಿ ಅದು ಭಾರಿ ಎತ್ತರ. ಶಾಸರ್‌ಗಳಿಗೆ ಇನ್ನೂ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತಿತ್ತು.

ಕ್ವಾನ್ಯೆ ಅಂತ ಒಬ್ಬ ಸಿಪಾಯಿ ಇದ್ದ. ಯುದ್ಧದಲ್ಲಿ ಹುಲಿ, ಎತ್ತರದಲ್ಲಿ ಮಾತ್ರ ಸ್ವಲ್ಪ ಕೊರತೆ. ಅಳೆಯೋ ದಿನ ಕಾಲುಚೀಲದೊಳಗೆ ಇಸ್ಪೀಟ್ ಕಟ್ಟು ಇಟ್ಟುಕೊಂಡು ನಿಂತು ಪಾಸಾದ ಅಂತ ವಯಸ್ಸಾದ ಮೇಲೆ ತಾನೇ ಬರೆದುಕೊಂಡಿದ್ದಾನೆ. ಓದು ಬರಹ ಬರಬೇಕು ಅನ್ನೋ ನಿಯಮವೂ ಇತ್ತಂತೆ, ಆದರೆ ಈ ಪುಣ್ಯಾತ್ಮ ಅಕ್ಷರ ಕಲಿತಿದ್ದೇ ಗಾರ್ಡ್ ಸೇರಿದ ಮೇಲೆ, ಮೂವತ್ತು ದಾಟಿದ ಮೇಲೆ! ಅಂದರೆ ನಿಯಮ ನಿಯಮದ ಪಾಡಿಗೆ, ಒಳ್ಳೆ ಸಿಪಾಯಿ ಸಿಕ್ಕರೆ ಕಣ್ಣು ಮುಚ್ಚಿಕೊಂಡು ತಗೋತಿದ್ದರು.

ಸೇರಿದ ಮೇಲೆ ಸುಖವೋ ಸುಖ. ಸಂಬಳ ಜಾಸ್ತಿ, ಊಟ ಚೆನ್ನಾಗಿ, ಪ್ಯಾರಿಸ್‌ನಲ್ಲಿ ಬೇರೆಯದೇ ಆಸ್ಪತ್ರೆ, ಅದಕ್ಕೆ ಲರೇಯಂಥ ದೊಡ್ಡ ಸರ್ಜನ್. ಗಾರ್ಡ್‌ನಲ್ಲಿದ್ದವನ ದರ್ಜೆ ಸಾಮಾನ್ಯ ಸೈನ್ಯದ ದರ್ಜೆಗಿಂತ ಒಂದು ಮೆಟ್ಟಿಲು ಮೇಲೆ ಅಂತ ಲೆಕ್ಕ. ಅದಕ್ಕೇ ಸಾಮಾನ್ಯ ಸಿಪಾಯಿಗಳು "ಗಾರ್ಡ್‌ನ ಕತ್ತೆಗಳಿಗೂ ಹೇಸರಗತ್ತೆ ದರ್ಜೆ ಕಣ್ರೋ" ಅಂತ ಆಡಿಕೊಳ್ಳುತ್ತಿದ್ದರು.

ಕಾಫಿ_ಪುಡಿ:
ಹ್ಹಹ್ಹ ಕತ್ತೆ ಜೋಕ್ ಸೂಪರ್. ಯುದ್ಧಕ್ಕೆ ಇಳಿಸದೆ ಯಾವಾಗಲೂ ಹಿಂದೆ ಉಳಿಸಿಕೊಳ್ಳುತ್ತಿದ್ದ ಅಂತ ಅವರನ್ನು 'ಅಮರರು' ಅಂತಲೂ ಕಿಚಾಯಿಸುತ್ತಿದ್ದರಂತೆ. ಸಾಯೋ ಜಾಗಕ್ಕೇ ಹೋಗದಿದ್ದರೆ ಅಮರರೇ ತಾನೇ.

ಹಳೇ_ನಕ್ಷೆ:
ಇಷ್ಟು ಅರ್ಥ ಆಯ್ತು. ಈಗ ಆ ಓಲ್ಡ್, ಮಿಡಲ್, ಯಂಗ್?

ಕೋಟೆ_ಬಾಗಿಲು:
ಮೊದಲು ಇದ್ದಿದ್ದೆಲ್ಲ ಒಂದೇ ಗಾರ್ಡ್. ಹೊಸಬರು ಬರೋಕೆ ಶುರುವಾದ ಮೇಲೆ ಹಳಬರಿಗೆ ಓಲ್ಡ್ ಅನ್ನೋ ಹೆಸರು ಅಂಟಿಕೊಂಡಿತು. 1804ರಲ್ಲೇ 'ವೆಲೀಟ್' ಅಂತ ಒಂದು ವ್ಯವಸ್ಥೆ ತಂದ. ಉಳ್ಳವರ ಮನೆ ಹುಡುಗರು ವರ್ಷಕ್ಕೆ 200 ಫ್ರಾಂಕ್ ಕಟ್ಟಿ ಗಾರ್ಡ್‌ನ ಕಾಲಾಳು ಪಡೆಯಲ್ಲಿ ತರಬೇತಿ ಪಡೆಯಬಹುದು, ಕುದುರೆ ಪಡೆ ಬೇಕಾದರೆ 300. ಮುಂದೆ ಆಫೀಸರ್ ಆಗೋ ದಾರಿ. 1806ರಲ್ಲಿ ಫ್ಯೂಸಿಲಿಯರ್ ರೆಜಿಮೆಂಟ್‌ಗಳು ಬಂದವು. ನಿಜ ಹೇಳಬೇಕು ಅಂದರೆ ಇಡೀ ಗಾರ್ಡ್‌ನಲ್ಲಿ ಸದ್ದಿಲ್ಲದೆ ಕೆಲಸ ಮಾಡಿದವರು ಇವರೇ. ಇವರನ್ನು ಮಿಡಲ್ ಗಾರ್ಡ್ ಅನ್ನುತ್ತಾರೆ.

1809ರಲ್ಲಿ ಯಂಗ್ ಗಾರ್ಡ್ ಶುರು. ಗ್ರೆನೇಡಿಯರ್ ಕಡೆಯ ಹುಡುಗರು ಕೊನೆಗೆ ತಿರೈಯರ್ ಅನ್ನಿಸಿಕೊಂಡರು, ಶಾಸರ್ ಕಡೆಯವರು ವೋಲ್ಟಿಜರ್. ಒಂದು ರೆಜಿಮೆಂಟ್‌ಗೆ ಎರಡು ಬೆಟಾಲಿಯನ್, ಒಂದು ಬೆಟಾಲಿಯನ್‌ಗೆ ನಾಲ್ಕು ಕಂಪನಿ. ಸಿಪಾಯಿಗಳು ಹೊಸಬರು, ಆಫೀಸರ್‌ಗಳನ್ನು ಮಾತ್ರ ಹಳಬರಿಂದ ಕೊಡುತ್ತಿದ್ದರು. ಇಲ್ಲಿ ಸಾಕ್ಷಾತ್ ಬೊನಾಪಾರ್ಟ್ ಬುದ್ಧಿ ಇದೆ ನೋಡಿ. ಕಡ್ಡಾಯ ಸೇವೆಗೆ ಎಳೆದು ತಂದ ಹದಿನೆಂಟರ ಹುಡುಗನಿಗೆ ಹದ್ದಿನ ಗುಂಡಿ ಇರೋ ಕೋಟು ಕೊಟ್ಟು "ನೀನು ಗಾರ್ಡ್" ಅಂದರೆ ಅವನು ಬೇರೆ ಥರಾನೇ ನಡೆಯುತ್ತಾನೆ. ಸಂಬಳ ಮಾತ್ರ ಸಾಮಾನ್ಯ ಸೈನ್ಯದ್ದೇ!

ಆಮೇಲೆ ತಡೆಯೇ ಇಲ್ಲ. ಅರಣ್ಯ ಕಾವಲುಗಾರರ ಮಕ್ಕಳದ್ದು ಹಸಿರು ಕೋಟಿನ ಫ್ಲಾಂಕರ್ ರೆಜಿಮೆಂಟ್. 1811ರಲ್ಲಿ ಅನಾಥ ಹುಡುಗರ 'ಪ್ಯುಪಿಲ್' ರೆಜಿಮೆಂಟ್, ಅದನ್ನು ತನ್ನ ಹಸುಗೂಸು ಮಗನ ಗಾರ್ಡ್ ಅಂತ ಕರೆದ. 1814ರ ಹೊತ್ತಿಗೆ ತಿರೈಯರ್ 19, ವೋಲ್ಟಿಜರ್ 19 ರೆಜಿಮೆಂಟ್‌ಗಳ ತನಕ ನಂಬರ್ ಹೋಗಿತ್ತು. ಎಷ್ಟೋ ರೆಜಿಮೆಂಟ್ ಪೂರ್ತಿ ತುಂಬಲೇ ಇಲ್ಲ.

ತುಂಗಾ_ತೀರ:
ವಿದೇಶಿಯರೂ ಇದ್ದರಲ್ವಾ? ಪೋಲೆಂಡಿನವರು?

ಪುಟಾಣಿ_ಫಿರಂಗಿ:
ಪೋಲಿಷ್ ಸವಾರರು ಅಂದ್ರೆ ನನಗೆ ಪ್ರಾಣ. 1807ರಲ್ಲಿ ಕಟ್ಟಿದ ರೆಜಿಮೆಂಟ್. 1808ರ ನವೆಂಬರ್ 30ರಂದು ಸ್ಪೇನಿನ ಸೊಮೊಸಿಯೆರಾ ಕಣಿವೆಯಲ್ಲಿ, ಇಕ್ಕಟ್ಟಾದ ಏರುದಾರಿ, ಒಂದರ ಮೇಲೊಂದು ಫಿರಂಗಿ ಸಾಲು, ಅದರ ಬಾಯಿಗೇ ಒಂದು ಸ್ಕ್ವಾಡ್ರನ್ ನೆಗೆಯಿತು. ಮುಂದೆ ಇದ್ದವನು ಕೊಝಿಯೆತುಲ್ಸ್ಕಿ. ಅವನ ಕುದುರೆ ಬಿತ್ತು, ಆಮೇಲೆ ಮುಂದಾಳಾದವರೂ ಒಬ್ಬೊಬ್ಬರಾಗಿ ಬಿದ್ದರು, ಆದರೂ ಘಾಟಿ ತುದಿ ಮುಟ್ಟಿದರು. ಮ್ಯಾಡ್ರಿಡ್ ದಾರಿ ಬಿಚ್ಚಿಕೊಂಡಿತು. ಆಗ ಅವರ ಕೈಯಲ್ಲಿ ಇದ್ದಿದ್ದು ಕತ್ತಿ ಮಾತ್ರ, ಭರ್ಜಿ ಬಂದಿದ್ದು 1809ರ ವಾಗ್ರಾಮ್ ಯುದ್ಧ ಆದಮೇಲೆ. ಚಿತ್ರಗಳಲ್ಲಿ ಭರ್ಜಿ ಹಿಡಿಸಿರುತ್ತಾರೆ, ನಂಬಬೇಡಿ.

1810ರಲ್ಲಿ ಹಾಲೆಂಡನ್ನು ಫ್ರಾನ್ಸಿಗೆ ಸೇರಿಸಿಕೊಂಡಾಗ ಅಲ್ಲಿನ ರಾಜನ ಕಾವಲು ಪಡೆಯೂ ಬಂತು. ಅವರ ಕಾಲಾಳುಗಳು ಬಿಳಿ ಕೋಟಿನ ಗ್ರೆನೇಡಿಯರ್‌ಗಳಾದರು, ಸವಾರರು ಪ್ರಸಿದ್ಧ 'ಕೆಂಪು ಭರ್ಜಿ' ರೆಜಿಮೆಂಟ್. 1812ರಲ್ಲಿ ಲಿಥುವೇನಿಯಾದಲ್ಲಿ ಮೂರನೇ ಭರ್ಜಿ ರೆಜಿಮೆಂಟ್ ಕಟ್ಟಿದರು, ಅದು ಹುಟ್ಟಿದ ವರ್ಷವೇ ಸ್ಲೋನಿಮ್‌ನಲ್ಲಿ ರಷ್ಯನ್ನರ ಕೈಗೆ ಸಿಕ್ಕಿ ಹಾಳಾಯಿತು. ಅದೇ ಕಡೆಯ ಮುಸ್ಲಿಂ ತಾತಾರರದ್ದೂ ಒಂದು ಸಣ್ಣ ದಳ ಇತ್ತು.

ಕಾಫಿ_ಪುಡಿ:
ಹಾಗಾದ್ರೆ ನಿಜವಾಗಿ ಮೈ ಕಾಯ್ತಿದ್ದವರು ಯಾರು? ಅಷ್ಟೂ ಜನ ಅವನ ಸುತ್ತ ನಿಲ್ಲೋಕೆ ಆಗಲ್ಲ.

ಕೋಟೆ_ಬಾಗಿಲು:
ಶಾಸರ್ ಸವಾರರು. ನೆಪೋಲಿಯನ್ ಚಿತ್ರಗಳಲ್ಲಿ ಹಾಕಿಕೊಂಡಿರೋ ಹಸಿರು ಕೋಟು ಇದೆಯಲ್ಲ, ಅದು ಈ ರೆಜಿಮೆಂಟ್‌ನ ಕರ್ನಲ್ ಕೋಟು. ಯುದ್ಧಭೂಮಿಯಲ್ಲಿ ಗಾರ್ಡ್‌ನ ಬೇರೆ ಬೇರೆ ಕುದುರೆ ರೆಜಿಮೆಂಟ್‌ಗಳಿಂದ ಒಂದೊಂದು ಸ್ಕ್ವಾಡ್ರನ್ ಸರದಿ ಮೇಲೆ ಹತ್ತಿರ ಇರುತ್ತಿತ್ತು. ಅದರೊಳಗೆ ಶಾಸರ್‌ಗಳದ್ದೇ ಇನ್ನೂ ಸಣ್ಣ ಒಂದು ತಂಡ ಯಾವಾಗಲೂ ಅವನ ಬೆನ್ನಿಗೆ. ಒಬ್ಬನ ಹತ್ತಿರ ನಕ್ಷೆ ಕಾಗದದ ಚೀಲ, ಇನ್ನೊಬ್ಬನ ಹತ್ತಿರ ದುರ್ಬೀನು. ಚಕ್ರವರ್ತಿ ಕುದುರೆಯಿಂದ ಇಳಿದರೆ ನಾಲ್ಕು ಜನ ತಕ್ಷಣ ಇಳಿದು ಕೋವಿಗೆ ಬಯೋನೆಟ್ ಸಿಕ್ಕಿಸಿ ನಾಲ್ಕು ಕಡೆ ನಿಲ್ಲುತ್ತಿದ್ದರು. ಅವನು ಮೂತ್ರಕ್ಕೆ ಹೋದರೂ ಇದೇ ಚೌಕ.

ರಾತ್ರಿ ಬಾಗಿಲಲ್ಲಿ ಮಲಗುತ್ತಿದ್ದವನು ರುಸ್ತುಮ್, ಟಿಫ್ಲಿಸ್ ಕಡೆ ಹುಟ್ಟಿದವನು, ಈಜಿಪ್ಟಿನಿಂದ ಜೊತೆಗೆ ಬಂದವನು. 1814ರಲ್ಲಿ ಕಷ್ಟಕಾಲ ಬಂದಾಗ ಅವನೂ ಬಿಟ್ಟು ಹೋದ.

ಹಳೇ_ನಕ್ಷೆ:
ಒಟ್ಟಿನಲ್ಲಿ ಇವರು ಯುದ್ಧ ಮಾಡಿದ್ದು ಕಮ್ಮಿ ಅಂತನಾ?

ಕೋಟೆ_ಬಾಗಿಲು:
ಎಲ್ಲರನ್ನೂ ಒಟ್ಟಿಗೆ ಹಾಗೆ ಅನ್ನೋಕಾಗಲ್ಲ. ಕುದುರೆ ಪಡೆ ಚೆನ್ನಾಗೇ ಹೊಡೆದಾಡಿದೆ. 1805ರ ಡಿಸೆಂಬರ್ 2, ಆಸ್ಟರ್‌ಲಿಟ್ಜ್, ರಷ್ಯಾದ ತ್ಸಾರ್‌ನ ಗಾರ್ಡ್ ಸವಾರರ ಮೇಲೆ ನೇರ ನುಗ್ಗಿದ್ದು ಇವರೇ. 1807ರ ಫೆಬ್ರವರಿ 8, ಐಲೌನಲ್ಲಿ ಹಿಮ ಬೀಳುತ್ತಿದ್ದಾಗ ಗ್ರೆನೇಡಿಯರ್ ಸವಾರರು ಫಿರಂಗಿಗೆ ತಲೆ ತಗ್ಗಿಸಿದರಂತೆ. ಕರ್ನಲ್ ಲೆಪಿಕ್ "ತಲೆ ಎತ್ರೋ, ಬರ್ತಿರೋದು ಗುಂಡು, ಹೇಲಲ್ಲ" ಅಂತ ಕೂಗಿದ ಅನ್ನೋದು ಸೈನ್ಯದ ದಂತಕಥೆ.

ಫಿರಂಗಿ ಪಡೆ ಅಂತೂ ಬಿಡುವಿಲ್ಲದೆ ದುಡಿದಿದೆ. ವಾಗ್ರಾಮ್‌ನಲ್ಲಿ ಕಟ್ಟಿದ ಆ ದೈತ್ಯ ಫಿರಂಗಿ ಸಾಲಿನಲ್ಲಿ 60 ಗಾರ್ಡ್‌ನವೇ. 1813ರಲ್ಲಿ ಲುಟ್ಜೆನ್, ಹನೌ ಎರಡೂ ಕಡೆ ಗಾರ್ಡ್‌ನ ಜನರಲ್ ದ್ರೂವೋನ ಫಿರಂಗಿಗಳೇ ಶತ್ರು ಸಾಲು ಒಡೆದದ್ದು.

ಕೂತು ಕಾದಿದ್ದು ಅಂದರೆ ಓಲ್ಡ್ ಗಾರ್ಡ್ ಕಾಲಾಳುಗಳು. 1806ರ ಯೇನಾದಲ್ಲಿ ತಾಳ್ಮೆ ಕೆಟ್ಟು ಸಾಲಿನಿಂದ ಯಾರೋ "ಮುಂದಕ್ಕೆ!" ಅಂತ ಕೂಗಿಯೇ ಬಿಟ್ಟ. ನೆಪೋಲಿಯನ್ ತಿರುಗಿ, ಇನ್ನೂ ಮೀಸೆ ಬಾರದ ಹುಡುಗ ಯಾರೋ ಇರಬೇಕು, ಮೂವತ್ತು ಯುದ್ಧ ನಡೆಸಿದ ಮೇಲೆ ನನಗೆ ಬುದ್ಧಿ ಹೇಳಲಿ, ಅಂತ ಗದರಿಸಿದನಂತೆ.

ಪುಟಾಣಿ_ಫಿರಂಗಿ:
ಬೊರೊಡಿನೊ ಮಾತ್ರ ನನಗೆ ಇವತ್ತಿಗೂ ಜೀರ್ಣ ಆಗಲ್ಲ. 1812ರ ಸೆಪ್ಟೆಂಬರ್ 7. ಸಾಯಂಕಾಲದ ಹೊತ್ತಿಗೆ ರಷ್ಯನ್ ಸಾಲು ಅಲುಗಾಡ್ತಾ ಇತ್ತು. ಮಾರ್ಷಲ್‌ಗಳು ಗಾರ್ಡ್ ಕೊಡಿ ಕೊಡಿ ಅಂತ ಬೇಡಿದರು. ಸುಮಾರು 18,000 ಜನ ಕೈ ಕಟ್ಟಿ ನಿಂತಿದ್ದರು. ಪ್ಯಾರಿಸ್‌ನಿಂದ ಇಷ್ಟು ದೂರದಲ್ಲಿ ನನ್ನ ಗಾರ್ಡ್ ಹಾಳುಮಾಡಿಕೊಳ್ಳಲ್ಲ ಅಂದ. ಅವತ್ತು ಬಳಸದೇ ಇನ್ಯಾವತ್ತಿಗೆ ರೀ? ಬಳಸಲಾರದಷ್ಟು ಬೆಲೆಬಾಳೋ ಪಡೆ ಇದ್ದೂ ಇಲ್ಲದ ಹಾಗೆ.

ಕೋಟೆ_ಬಾಗಿಲು:
ನಾನು ಇದನ್ನು ಒಪ್ಪಲ್ಲ. ಅವತ್ತು ಗಾರ್ಡ್ ಕಳೆದುಕೊಂಡಿದ್ದರೆ ನವೆಂಬರಿನಲ್ಲಿ, ಮಾಸ್ಕೋದಿಂದ ವಾಪಸ್ ಬರುವಾಗ, ಅವನ ಕೈಯಲ್ಲಿ ಏನಿರುತ್ತಿತ್ತು? ಕ್ರಾಸ್ನೊಯ್ ನೋಡಿ. ಉಳಿದ ಸೈನ್ಯ ಚದುರಿ ಹೋಗಿತ್ತು, ದಾರಿಗೆ ಅಡ್ಡ ರಷ್ಯನ್ನರು. ಓಲ್ಡ್ ಗಾರ್ಡ್ ಸಾಲು ಕೆಡಿಸದೆ ನಡೆದು ಬಂತು. ರಷ್ಯಾದ ದವೀದೊವ್ ಅಂತ ಗೆರಿಲ್ಲಾ ದಳದ ನಾಯಕ, ಇವರ ಮೇಲೆ ಮತ್ತೆ ಮತ್ತೆ ಬಿದ್ದವನು, ತಾನೇ ಬರೆದಿದ್ದಾನೆ: ನೂರು ಫಿರಂಗಿಯ ಹಡಗು ಮೀನುಗಾರರ ದೋಣಿಗಳ ನಡುವೆ ಹೋದ ಹಾಗೆ ನಮ್ಮ ಕೊಸಾಕ್‌ಗಳ ನಡುವೆ ಗಾರ್ಡ್ ಹಾದುಹೋಯಿತು ಅಂತ. ಶತ್ರು ಬರೆದ ಮಾತು ಇದು.

ಪುಟಾಣಿ_ಫಿರಂಗಿ:
ಅದು ಸರಿ, ಆದರೆ ಬೆಲೆ ಕೊಟ್ಟವರು ಯಾರು? ಸ್ಮೊಲೆನ್ಸ್ಕ್ ಉಗ್ರಾಣದಲ್ಲಿ ಮೊದಲು ಉಂಡಿದ್ದು ಗಾರ್ಡ್. ಹಿಂದೆ ಬಂದವರಿಗೆ ಖಾಲಿ ಮೂಟೆ. ಇನ್ನೊಂದು ಮುಖ್ಯ ಮಾತು ಯಾರೂ ಎತ್ತಿಲ್ಲ. ಪ್ರತಿ ಸಾಮಾನ್ಯ ರೆಜಿಮೆಂಟ್‌ನಿಂದಲೂ ಅನುಭವಸ್ಥ ಸಿಪಾಯಿಗಳನ್ನು ಆರಿಸಿ ಗಾರ್ಡ್‌ಗೆ ಎಳೆದುಕೊಳ್ಳುತ್ತಿದ್ದರು. ಅವರು ತಮ್ಮ ರೆಜಿಮೆಂಟ್‌ನಲ್ಲೇ ಉಳಿದಿದ್ದರೆ ಸಾರ್ಜೆಂಟ್ ಆಗಿ ನೂರು ಹೊಸ ಹುಡುಗರನ್ನು ತಿದ್ದುತ್ತಿದ್ದರು. ಹಾಲಿನ ಕೆನೆ ಎಲ್ಲ ಒಂದೇ ಬಟ್ಟಲಿಗೆ ತೆಗೆದಿಟ್ಟು ಆಮೇಲೆ ಮೊಸರು ಯಾಕೆ ಗಟ್ಟಿ ಆಗಲಿಲ್ಲ ಅಂದರೆ? 1813ರಲ್ಲಿ ಸಾಮಾನ್ಯ ರೆಜಿಮೆಂಟ್‌ಗಳು ಅಷ್ಟು ಸುಲಭಕ್ಕೆ ಕುಸಿಯೋಕೆ ಇದೂ ಒಂದು ಕಾರಣ.

ತುಂಗಾ_ತೀರ:
ಈ ಮಾತಿನಲ್ಲಿ ತೂಕ ಇದೆ. ಆದರೆ ಯಂಗ್ ಗಾರ್ಡ್ ಲೆಕ್ಕ ಬೇರೆ ಅಲ್ವಾ? ಡ್ರೆಸ್ಡೆನ್, ಲೈಪ್‌ಜಿಗ್, 1814ರ ಕ್ರಾನ್, ಎಲ್ಲ ಕಡೆ ಸತ್ತವರು ಅವರು. ಹಳಬರ ಹೆಸರು, ಹುಡುಗರ ರಕ್ತ.

ಹಳೇ_ನಕ್ಷೆ:
ಸರಿ ಈಗ ವಾಟರ್ಲೂ. ನನ್ನ ಮೂಲ ಪ್ರಶ್ನೆ ಹಾಗೇ ಉಳಿದಿದೆ :)

ಕೋಟೆ_ಬಾಗಿಲು:
1815ರ ಜೂನ್ 18. ಗಡಿಪಾರಾಗಿದ್ದ ಎಲ್ಬಾ ದ್ವೀಪದಿಂದ ವಾಪಸ್ ಬಂದ ಮೇಲೆ ಗಾರ್ಡನ್ನು ಅವಸರದಲ್ಲಿ ಮತ್ತೆ ಕಟ್ಟಿದ್ದ. ಗ್ರೆನೇಡಿಯರ್ ನಾಲ್ಕು ರೆಜಿಮೆಂಟ್, ಶಾಸರ್ ನಾಲ್ಕು ರೆಜಿಮೆಂಟ್. ಕಾಗದದಲ್ಲಿ ಎಂಟೂ ಓಲ್ಡ್ ಗಾರ್ಡ್. ಆದರೆ 3 ಮತ್ತು 4ನೇ ರೆಜಿಮೆಂಟ್‌ಗಳು ಕಟ್ಟಿ ಹೆಚ್ಚು ಕಾಲ ಆಗಿರಲಿಲ್ಲ, ಎಲ್ಲರಿಗೂ ಕರಡಿ ಟೋಪಿ ಕೂಡ ಸಿಕ್ಕಿರಲಿಲ್ಲ. ಸೈನ್ಯದ ಬಾಯಲ್ಲಿ ಇವರು ಮಿಡಲ್ ಗಾರ್ಡ್. ಒಟ್ಟು ಗಾರ್ಡ್ ನೋಡಿಕೊಳ್ಳಬೇಕಿದ್ದ ಮೋರ್ತಿಯೆ ಸಯಾಟಿಕಾ ನೋವಿನಿಂದ ಹಾಸಿಗೆ ಹಿಡಿದ, ಆ ಕೆಲಸ ದ್ರೂವೋ ಹೆಗಲಿಗೆ ಬಿತ್ತು.

ಬಲಗಡೆ ಪ್ಲಾನ್ಸೆನ್ವಾ ಹಳ್ಳಿಗೆ ಪ್ರಷ್ಯನ್ನರು ನುಗ್ಗಿದಾಗ ಮೊದಲು ಯಂಗ್ ಗಾರ್ಡ್ ಹೋಯಿತು, 1 ಮತ್ತು 3ನೇ ತಿರೈಯರ್, 1 ಮತ್ತು 3ನೇ ವೋಲ್ಟಿಜರ್. ಅವರ ಕೈಯಿಂದ ಹಳ್ಳಿ ಜಾರಿತು. ಆಗ ಎರಡೇ ಎರಡು ಓಲ್ಡ್ ಗಾರ್ಡ್ ಬೆಟಾಲಿಯನ್ ಕಳಿಸಿದ. ಗುಂಡು ಹಾರಿಸದೆ ಬಯೋನೆಟ್ ಹಿಡಿದು ನುಗ್ಗಿ ಪೂರ್ತಿ ಹಳ್ಳಿ ವಾಪಸ್ ತಗೊಂಡರು. ಆ ದಿನದ ನಿಜವಾದ ಓಲ್ಡ್ ಗಾರ್ಡ್ ಸಾಹಸ ಅಂದರೆ ಇದು, ಆದರೆ ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ.

ಸಂಜೆ ಏಳೂವರೆ ಹೊತ್ತಿಗೆ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಸಾಲಿನ ಮೇಲೆ ಏರಿ ಹೋದವು ಐದು ಬೆಟಾಲಿಯನ್. ಐದೂ 3 ಮತ್ತು 4ನೇ ರೆಜಿಮೆಂಟ್‌ಗಳದ್ದು. ದಿಬ್ಬದ ಮರೆಯಲ್ಲಿ ಮಲಗಿದ್ದ ಮೈಟ್‌ಲೆಂಡ್‌ನ ಬ್ರಿಟಿಷ್ ಗಾರ್ಡ್ ಇದ್ದಕ್ಕಿದ್ದಂತೆ ಎದ್ದು ಗುಂಡು ಹೊಡೆಯಿತು, ಪಕ್ಕದಿಂದ 52ನೇ ರೆಜಿಮೆಂಟ್, ಇನ್ನೊಂದು ಕಡೆಯಿಂದ ಶಾಸ್ಸೆಯ ಡಚ್ ಪಡೆ. "ಗಾರ್ಡ್ ಹಿಂದೆ ಸರಿಯುತ್ತಿದೆ" ಅನ್ನೋ ಕೂಗು ಎದ್ದಿದ್ದು ಆಗ. ಇಡೀ ಸೈನ್ಯ ಒಡೆದು ಹೋಯಿತು.

1ನೇ ಗ್ರೆನೇಡಿಯರ್‌ನ ಎರಡು ಬೆಟಾಲಿಯನ್‌ಗಳು ಆ ದಾಳಿಯಲ್ಲಿ ಇರಲೇ ಇಲ್ಲ. ಹಿಂದೆ ಚೌಕ ಕಟ್ಟಿ ನಿಂತಿದ್ದರು, ಎಲ್ಲರೂ ಓಡಿದ ಮೇಲೆ ಸಾಲು ಬಿಡದೆ ಹೊರಟರು. 1ನೇ ಶಾಸರ್‌ನ ಒಂದು ಬೆಟಾಲಿಯನ್ ಹಿಂದೆ ಲೆ ಕಾಯೂ ಅನ್ನೋ ಜಾಗದಲ್ಲಿ ಚಕ್ರವರ್ತಿಯ ಸಾಮಾನು ಕಾಯುತ್ತಿತ್ತು. ಈಗ ನೋಡಿ, ಸರಿದದ್ದೂ ನಿಜ, ನಿಂತದ್ದೂ ನಿಜ. ರೆಜಿಮೆಂಟ್ ಬೇರೆ ಅಷ್ಟೇ.

ಕಾಫಿ_ಪುಡಿ:
ಲಂಡನ್ ಅರಮನೆ ಮುಂದೆ ನಿಲ್ಲೋ ಕರಡಿ ಟೋಪಿಯವರಿಗೂ ಇದಕ್ಕೂ ಸಂಬಂಧ ಇದೆ ಅಂತ ಕೇಳಿದ್ದೆ.

ಪುಟಾಣಿ_ಫಿರಂಗಿ:
ಇದೆ. ಮೈಟ್‌ಲೆಂಡ್‌ನ ಆ ರೆಜಿಮೆಂಟ್‌ಗೆ, ನೀವು ಫ್ರೆಂಚ್ ಗ್ರೆನೇಡಿಯರ್‌ಗಳನ್ನು ಸೋಲಿಸಿದಿರಿ ಅಂತ 'ಗ್ರೆನೇಡಿಯರ್ ಗಾರ್ಡ್ಸ್' ಅನ್ನೋ ಬಿರುದು ಕೊಟ್ಟು ಕರಡಿ ಟೋಪಿಯನ್ನೂ ಹಾಕಿಸಿದರು. ತಮಾಷೆ ಏನಂದ್ರೆ ಅವರ ಎದುರು ಬಂದಿದ್ದು ಶಾಸರ್‌ಗಳು!

ತುಂಗಾ_ತೀರ:
ನಮ್ಮ ಕಡೆ ಕೊಂಡಿ ಒಂದಿದೆ, ಹೇಳಿಬಿಡ್ತೀನಿ. ವೆಲ್ಲಿಂಗ್ಟನ್ ಅಂದರೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಅವನ ಸ್ವಂತ ರೆಜಿಮೆಂಟ್ 33ನೆಯದು. ಏಪ್ರಿಲ್ ರಾತ್ರಿ ಸುಲ್ತಾನ್‌ಪೇಟೆ ತೋಪಿಗೆ ಅದನ್ನು ಕರೆದುಕೊಂಡು ನುಗ್ಗಿ, ಟಿಪ್ಪುವಿನ ರಾಕೆಟ್ಟು, ಗುಂಡು, ಕತ್ತಲೆ ಎಲ್ಲದಕ್ಕೂ ಸಿಕ್ಕಿ ಮುಖಭಂಗ ಮಾಡಿಕೊಂಡು ವಾಪಸ್ ಬಂದ. ಅದೇ 33ನೇ ರೆಜಿಮೆಂಟ್ ವಾಟರ್ಲೂನಲ್ಲಿ ಹಾಲ್ಕೆಟ್ ಬ್ರಿಗೇಡ್‌ನಲ್ಲಿತ್ತು. ಗಾರ್ಡ್‌ನ ಕೊನೆ ದಾಳಿ ತಾಗಿದ ಸಾಲಿನಲ್ಲಿ ಆ ಬ್ರಿಗೇಡೂ ಒಂದು. ಟಿಪ್ಪುವಿಗೆ ಅದೇ 1799ರ ಜನವರಿಯಲ್ಲಿ ಈಜಿಪ್ಟಿನಿಂದ ಕಾಗದ ಬರೆದ ನೆಪೋಲಿಯನ್ ಎದುರಿಗೆ! ಆ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತ್ತು, ಅದು ಇನ್ನೊಂದು ಕಥೆ.

ಹಳೇ_ನಕ್ಷೆ:
ವಾಹ್, ಇದು ಗೊತ್ತಿರಲಿಲ್ಲ. ಕೊನೆಯದಾಗಿ ಎರಡು. "ಗಾರ್ಡ್ ಸಾಯುತ್ತದೆ, ಶರಣಾಗಲ್ಲ" ಅಂದಿದ್ದು ನಿಜಾನಾ? ಆಮೇಲೆ ಇವರೆಲ್ಲ ಏನಾದರು?

ಕೋಟೆ_ಬಾಗಿಲು:
ಆ ಮಾತನ್ನು ಕಾಂಬ್ರೋನ್ ಬಾಯಿಗೆ ಹಾಕುತ್ತಾರೆ. 1ನೇ ಶಾಸರ್‌ಗಳ ಮುಖ್ಯಸ್ಥ, ಎಲ್ಬಾಕ್ಕೆ ಜೊತೆ ಹೋದವನು. ನಾನು ಹಾಗೆ ಅಂದಿಲ್ಲ ಅಂತ ಅವನೇ ಹೇಳಿದ್ದಾನೆ. ಅಲ್ಲದೆ ಅವನು ಸಾಯಲೂ ಇಲ್ಲ, ಗಾಯಗೊಂಡು ಸೆರೆ ಸಿಕ್ಕ. ಲರೇ ಪ್ರಷ್ಯನ್ನರ ಕೈಗೆ ಸಿಕ್ಕಿ ಗುಂಡೇಟು ತಿನ್ನೋದರಲ್ಲಿದ್ದ. ಹಿಂದೊಮ್ಮೆ ಪ್ರಷ್ಯನ್ ಸೇನಾಪತಿ ಬ್ಲೂಷರ್‌ನ ಮಗನಿಗೆ ಚಿಕಿತ್ಸೆ ಮಾಡಿದ್ದು ಅವನನ್ನು ಉಳಿಸಿತು.

ಉಳಿದ ಗಾರ್ಡ್ ಲ್ವಾರ್ ನದಿಯಾಚೆ ಹೋಗಿ 1815ರ ಶರತ್ಕಾಲದಲ್ಲಿ ವಿಸರ್ಜನೆ ಆಯಿತು. 1854ರಲ್ಲಿ ಮೂರನೇ ನೆಪೋಲಿಯನ್ ಅದೇ ಹೆಸರು, ಅದೇ ಕರಡಿ ಟೋಪಿ ಇಟ್ಟು ಹೊಸ ಗಾರ್ಡ್ ಕಟ್ಟಿದ. ಅದು ಕ್ರಿಮಿಯಾ ಯುದ್ಧ ನೋಡಿತು, 1870ರ ಅಕ್ಟೋಬರಿನಲ್ಲಿ ಮೆಟ್ಜ್ ಕೋಟೆಯಲ್ಲಿ ಫ್ರೆಂಚ್ ಮಾರ್ಷಲ್ ಬಜೇನ್ ಜೊತೆ ಪ್ರಷ್ಯನ್ನರಿಗೆ ಶರಣಾಯಿತು.

ಪುಟಾಣಿ_ಫಿರಂಗಿ:
ಬೊರೊಡಿನೊ ವಿಷಯ ನಾನಿನ್ನೂ ಬಿಟ್ಟಿಲ್ಲ ನೆನಪಿರಲಿ. ಕ್ರಾಸ್ನೊಯ್ ಒಂದನ್ನೇ ಹಿಡಿದುಕೊಂಡು ಗೆದ್ದೆ ಅನ್ಕೋಬೇಡಿ. ಅವತ್ತು ರಷ್ಯನ್ ಸೈನ್ಯವನ್ನು ಅಲ್ಲೇ ಮುಗಿಸಿದ್ದರೆ ಕ್ರಾಸ್ನೊಯ್ ಅನ್ನೋದೇ ಇರುತ್ತಿರಲಿಲ್ಲ.

ಕೋಟೆ_ಬಾಗಿಲು:
ಮುಗಿಸಿದ್ದರೆ ತಾನೇ. ರಷ್ಯನ್ ಸೇನಾಪತಿ ಕುತುಜೋವ್ ಸಾಲು ಹಿಂದೆ ಸರಿದಿತ್ತು, ಒಡೆದಿರಲಿಲ್ಲ. ಹೊಸ ಥ್ರೆಡ್ ಶುರು ಮಾಡಿ, ಅಲ್ಲೇ ನೋಡ್ಕೊಳ್ಳೋಣ.